‘ಆಗಲೇ ಯಾಕೆ ಹೇಳಲಿಲ್ಲ?’: ಗಾರ್ಮೆಂಟ್ಸ್ ಹುಡುಗಿಯ ದೂರು, ಮನೆಯವರ ಭಯ, ಕಾನೂನು ಹೇಳುವುದು

ಮಳವಳ್ಳಿ ಅಕ್ಕ:

ಎಲ್ಲರಿಗೂ ನಮಸ್ಕಾರ. ತಿಳಿದವರು ಸಲಹೆ ಕೊಡಿ. ನನ್ನ ತಂಗಿಯ ಮಗಳು ಬೆಂಗಳೂರಿನ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್. ಯುಗಾದಿ ಕಳೆದ ಮೇಲೆ ಅವಳ ಲೈನ್‌ಗೆ ಹೊಸ ಸೂಪರ್‌ವೈಸರ್ ಬಂದ. ಹೊಲಿಗೆ ನೋಡುವ ನೆಪದಲ್ಲಿ ಹಿಂದಿನಿಂದ ಬಾಗಿ ನಿಲ್ಲುವುದು, ಬೆನ್ನ ಮೇಲೆ ಕೈ ಇಡುವುದು, ರಾತ್ರಿ ಹೊತ್ತು ಮೆಸೇಜ್ ಹಾಕುವುದು ಶುರುವಾಯಿತು. ಹೋದ ತಿಂಗಳು ದಾರ ತರಲು ಸ್ಟೋರ್ ರೂಮಿಗೆ ಕಳಿಸಿ, ತಾನೂ ಹಿಂದೆಯೇ ಹೋಗಿ ಬಾಗಿಲು ಹಾಕಿ ಹಿಡಿದುಕೊಂಡಿದ್ದಾನೆ. ಇವಳು ತಳ್ಳಿ ಹೊರಗೆ ಓಡಿ ಬಂದಿದ್ದಾಳೆ.

ಊರಿಗೆ ಬಂದವಳು ಯಾರ ಹತ್ತಿರವೂ ಮಾತಾಡಲಿಲ್ಲ, ಸರಿಯಾಗಿ ಊಟ ಮಾಡಲಿಲ್ಲ. ಕೊನೆಗೆ ನನ್ನ ಹತ್ತಿರ ಬಾಯಿ ಬಿಟ್ಟಳು. ಮನೆಯಲ್ಲಿ ಗೊತ್ತಾದಾಗ ಅವಳ ಅಪ್ಪ ಕೇಳಿದ ಮೊದಲ ಮಾತು, ‘ಇಷ್ಟು ದಿನ ಬಾಯಿಗೆ ಏನು ಬಡಿದಿತ್ತು, ಆಗಲೇ ಯಾಕೆ ಹೇಳಲಿಲ್ಲ?’ ಎರಡನೇ ಮಾತು, ‘ಕೆಲಸ ಬಿಟ್ಟು ಬಾ.’ ತಂಗಿಗೆ ಮದುವೆ ಮಾತುಕತೆಯದ್ದೇ ಚಿಂತೆ, ಗಂಡಿನ ಕಡೆಯವರ ಕಿವಿಗೆ ಬಿದ್ದರೆ ಏನು ಗತಿ ಅಂತ. ಆ ಸೂಪರ್‌ವೈಸರ್ ಬಗ್ಗೆ ಮಾತ್ರ ಮನೆಯಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ. ನನ್ನ ಹೊಟ್ಟೆ ಉರಿಯುತ್ತಿರುವುದು ಅದಕ್ಕೇ.

ದೂರು ಕೊಡುವ ಮನಸ್ಸು ಹುಡುಗಿಗೆ ಇದೆ. ಇಷ್ಟು ತಡ ಆದ ಮೇಲೆ ನಡೆಯುತ್ತಾ? ಯಾರಿಗೆ ಕೊಡಬೇಕು?

ಬಯಲುಸೀಮೆ ಹುಡುಗ:

ಅಕ್ಕ, ನಿಮ್ಮ ಹುಡುಗಿಗೆ ಆಗಿದ್ದು ಕೇಳಿ ಬೇಜಾರಾಯಿತು. ಆದರೆ ನಾಳೆ ಆಫೀಸಿನಲ್ಲಿ, ಸ್ಟೇಷನ್ನಿನಲ್ಲಿ ಕೇಳುವುದನ್ನೇ ಕೇಳುತ್ತೇನೆ, ತಪ್ಪು ತಿಳಿಯಬೇಡಿ. ಮೊದಲ ಸಲ ಕೈ ಇಟ್ಟಾಗಲೇ ಎದ್ದು ನಿಂತು ಕೇಳಬಹುದಿತ್ತು ಅಲ್ವಾ? ಲೈನ್ ತುಂಬ ಹೆಣ್ಣುಮಕ್ಕಳೇ ಇರುತ್ತಾರೆ. ಒಬ್ಬಳು ಕೂಗಿದ್ದರೆ ಎಲ್ಲರೂ ಸೇರುತ್ತಿದ್ದರು. ತಿಂಗಳುಗಟ್ಟಲೆ ಸುಮ್ನಿದ್ದು ಈಗ ಹೇಳಿದರೆ ನಂಬುವವರು ಎಷ್ಟು ಜನ?

ಹೊಲಿಗೆ ಲೈನ್:

ತಮ್ಮಾ, ನೀನು ಗಾರ್ಮೆಂಟ್ಸ್ ಒಳಗೆ ಕಾಲಿಟ್ಟಿಲ್ಲ ಅನ್ನಿಸುತ್ತೆ. ನಾನು ಹೆಲ್ಪರ್ ಆಗಿ ಸೇರಿ ಟೈಲರ್ ಆದವಳು. ಲೈನ್ ಹೇಗೆ ನಡೆಯುತ್ತೆ ಅಂತ ಹೇಳುತ್ತೇನೆ, ಕೇಳು.

ಒಂದೊಂದು ಗಂಟೆಗೂ ಟಾರ್ಗೆಟ್ ಇರುತ್ತದೆ. ಲೈನಿನ ಮುಂದೆ ಬೋರ್ಡ್ ಇರುತ್ತದೆ, ಗಂಟೆಗೆ ಎಷ್ಟು ಪೀಸ್ ಬಿತ್ತು ಅಂತ ಎಲ್ಲರಿಗೂ ಕಾಣುವ ಹಾಗೆ ಬರೆಯುತ್ತಾರೆ. ನನ್ನ ಕೈಯಲ್ಲಿ ಪೀಸ್ ನಿಂತರೆ ಮುಂದಿನವಳ ಕೈ ಖಾಲಿ. ಬಾತ್‌ರೂಮಿಗೆ ಹೋಗಲು ಸೂಪರ್‌ವೈಸರ್‌ನ ಕೇಳಬೇಕು. ಮಗುವಿಗೆ ಜ್ವರ ಅಂತ ಬೇಗ ಹೋಗಲು ಗೇಟ್ ಪಾಸಿಗೂ ಅವನ ಸಹಿ. ರಜೆಗೂ ಅವನೇ. ಮೆಷಿನ್ ಮುಂದೆ ಕೂತವರೆಲ್ಲ ಹೆಂಗಸರು. ಹಿಂದೆ ನಿಂತು ಕೂಗುವವರಲ್ಲಿ ಗಂಡಸರೇ ಜಾಸ್ತಿ.

ಸೂಜಿ ಓಡುತ್ತಿರುವಾಗ ಹಿಂದೆ ಬಂದು ಬಾಗುತ್ತಾನೆ. ಥಟ್ಟನೆ ತಿರುಗಿದರೆ ಬೆರಳು ಸೂಜಿಗೆ ಸಿಗುತ್ತೆ. ಕೈ ತಳ್ಳಿದರೆ ಅವತ್ತಿನಿಂದ ಶುರು. ಪಾಕೆಟ್ ಹೊಲಿಯುತ್ತಿದ್ದವಳನ್ನು ಏಕಾಏಕಿ ಕಾಲರ್‌ಗೆ ಹಾಕುತ್ತಾನೆ. ಅದರಲ್ಲಿ ಕೈ ಪಳಗಿರುವುದಿಲ್ಲ, ಪೀಸ್ ಬೀಳುವುದಿಲ್ಲ. ಬಂಡಲ್ ತಡವಾಗಿ ಕೊಡಿಸುತ್ತಾನೆ. ಆಮೇಲೆ ಮೈಕಿನಲ್ಲಿ ಕೂಗುವ ಹಾಗೆ ಎಲ್ಲರ ಮುಂದೆ ಬೈಯುತ್ತಾನೆ. ಪಕ್ಕದವಳಿಗೆ ಕಾಣುವುದಿಲ್ಲವೇ? ಕಾಣುತ್ತದೆ. ಅವಳ ರಜೆಯೂ ಅವನ ಕೈಯಲ್ಲೇ ಇದೆ.

2016ರ ಏಪ್ರಿಲ್‌ನಲ್ಲಿ ಪಿಎಫ್ ದುಡ್ಡಿನ ರೂಲ್ಸ್ ಬದಲಾಯಿಸಿದಾಗ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಹೊಸೂರು ರೋಡಿಗೆ ಇಳಿದಿದ್ದು ನಿನಗೆ ನೆನಪಿರಬಹುದು. ಸಾವಿರಾರು ಜನ, ಯಾವ ಲೀಡರ್ ಕರೆಯದೆ. ಕೇಂದ್ರ ಸರ್ಕಾರ ಆ ರೂಲ್ಸ್ ವಾಪಸ್ ತೆಗೆದುಕೊಂಡಿತು. ಹಾಗಾದರೆ ನಮಗೆ ಬಾಯಿ ಇಲ್ಲ ಅಂತ ಅಲ್ಲ. ಪಿಎಫ್ ಎಲ್ಲರ ದುಡ್ಡು, ಎಲ್ಲರೂ ಬಂದೆವು. ಮೈ ಮೇಲೆ ಕೈ ಇಟ್ಟರೆ ಮಾತ್ರ ಅದು ‘ಅವಳ ವಿಷಯ’ ಆಗಿಬಿಡುತ್ತದೆ. ‘ಅವಳೇ ಸಲಿಗೆ ಕೊಟ್ಟಿರಬೇಕು’ ಅಂತ ಊಟದ ಹೊತ್ತಿನಲ್ಲಿ ಮಾತು ಹುಟ್ಟುತ್ತದೆ. ಈ ಮಾತನ್ನು ಹೆಂಗಸರೂ ಆಡುತ್ತಾರೆ. ಹೆದರಿದವರು ಹಾಗೇ ಆಡುವುದು.

ಅಕ್ಕ, ನಿಮ್ಮ ಹುಡುಗಿ ಹೇಳಿದ್ದಾಳಲ್ಲ, ಅದೇ ದೊಡ್ಡದು. ಕೆಲಸ ಬಿಡಿಸಬೇಡಿ. ಬಿಟ್ಟರೆ ಅವನ ಕೈಗೆ ಇನ್ನೊಬ್ಬಳು ಸಿಗುತ್ತಾಳೆ.

ಕರಿಕೋಟು:

ನಾನು ತಾಲೂಕು ಕೋರ್ಟಿನಲ್ಲಿ ವಕೀಲಿ ಮಾಡುತ್ತೇನೆ. ಮಳವಳ್ಳಿ ಅಕ್ಕನವರೇ, ತಡ ಆಗಿಲ್ಲ. ಇದನ್ನು ಹುಡುಗಿಗೆ ಮೊದಲು ಹೇಳಿ.

ಕೆಲಸದ ಜಾಗದ ಲೈಂಗಿಕ ಕಿರುಕುಳಕ್ಕೆ 2013ರ ಕಾಯ್ದೆ ಇದೆ. ದೂರಿಗೆ ಮೂರು ತಿಂಗಳ ಗಡುವು. ಪದೇ ಪದೇ ನಡೆದಿದ್ದರೆ ಕೊನೆಯ ಘಟನೆಯಿಂದ ಲೆಕ್ಕ. ಸ್ಟೋರ್ ರೂಮಿನದ್ದು ಹೋದ ತಿಂಗಳು, ಹಾಗಾಗಿ ಯುಗಾದಿಯಿಂದ ನಡೆದದ್ದೆಲ್ಲ ಈ ದೂರಿನೊಳಗೆ ಬರುತ್ತದೆ. ಗಡುವು ದಾಟಿದ್ದರೂ ತಕ್ಕ ಕಾರಣ ಇದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು.

ಹತ್ತು ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಅಧ್ಯಕ್ಷೆ ಅಲ್ಲಿನ ಹಿರಿಯ ಮಹಿಳಾ ಉದ್ಯೋಗಿ, ಸದಸ್ಯರಲ್ಲಿ ಕನಿಷ್ಠ ಅರ್ಧ ಮಹಿಳೆಯರು, ಜೊತೆಗೆ ಹೊರಗಿನ ಒಬ್ಬರು. ದೂರು ಬರವಣಿಗೆಯಲ್ಲಿ ಇರಬೇಕು, ಆರು ಪ್ರತಿ. ಅವಳಿಗೆ ಬರೆಯಲು ಆಗದಿದ್ದರೆ ಸಮಿತಿಯವರೇ ಸಹಾಯ ಮಾಡಬೇಕು, ಅದು ಅವರ ಉಪಕಾರ ಅಲ್ಲ. ತಾರೀಖು ನೆನಪಿಲ್ಲದಿದ್ದರೆ ‘ಸಂಬಳ ಆದ ಮರುದಿನ’, ‘ಶಿಪ್‌ಮೆಂಟ್ ಇದ್ದ ವಾರ’ ಅಂತ ಬರೆಯಲಿ. ಮೆಸೇಜ್ ಅಳಿಸಬೇಡಿ. ಅವಳು ಓಡಿ ಬಂದದ್ದನ್ನು ನೋಡಿದವರ ಹೆಸರು ಬರೆಯಿರಿ.

ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ಅಲ್ಲಿಯವರೆಗೆ ಅವನನ್ನೋ ಅವಳನ್ನೋ ಬೇರೆ ಕಡೆಗೆ ಹಾಕಿ ಅಂತ ಕೇಳಬಹುದು. ಮೂರು ತಿಂಗಳವರೆಗೆ ರಜೆಯನ್ನೂ ಕೇಳಬಹುದು, ಅದು ಅವಳ ಮಾಮೂಲಿ ರಜೆಯಲ್ಲಿ ಕಳೆಯುವುದಿಲ್ಲ. ಸಮಿತಿಯ ಮುಂದೆ ಎರಡೂ ಕಡೆಯಿಂದ ವಕೀಲರು ಬರುವ ಹಾಗಿಲ್ಲ, ಹಾಗಾಗಿ ‘ಅವನು ದೊಡ್ಡ ಲಾಯರ್ ಇಡುತ್ತಾನೆ’ ಅನ್ನುವ ಹೆದರಿಕೆ ಬೇಡ. ಯಾರಾದರೂ ‘ಸ್ವಲ್ಪ ದುಡ್ಡು ಕೊಡಿಸುತ್ತೇವೆ, ರಾಜಿ ಆಗಿ’ ಅಂದರೆ ಒಪ್ಪಬೇಡಿ. ರಾಜಿ ಆಗುವುದಾದರೆ ಅದನ್ನು ಅವಳೇ ಕೇಳಿರಬೇಕು. ದುಡ್ಡಿನ ಮೇಲೆ ರಾಜಿ ಮಾಡಿಸಲು ಕಾಯ್ದೆ ಬಿಡುವುದಿಲ್ಲ.

ಇನ್ನು ಬಾಗಿಲು ಹಾಕಿ ಹಿಡಿದುಕೊಂಡದ್ದು ಪೊಲೀಸ್ ಕೇಸು ಕೂಡ. ಹಳೆಯ ಐಪಿಸಿ ಬದಲಿಗೆ 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯ 74 ಮತ್ತು 75ನೇ ಕಲಂ. ಸಮಿತಿಗೆ ಕೊಟ್ಟ ಮಾತ್ರಕ್ಕೆ ಸ್ಟೇಷನ್ ಬಾಗಿಲು ಮುಚ್ಚುವುದಿಲ್ಲ. ಹೇಳಿಕೆಯನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. ಬೆಂಗಳೂರಿಗೇ ಹೋಗಬೇಕು ಅಂತಿಲ್ಲ, ನಿಮ್ಮ ಊರಿನ ಠಾಣೆಯಲ್ಲೇ ಝೀರೋ ಎಫ್‌ಐಆರ್ ಹಾಕಿಸಬಹುದು. ಪ್ರತಿಯನ್ನು ಬಿಟ್ಟಿ ಕೊಡಬೇಕು. ತೆಗೆದುಕೊಳ್ಳದಿದ್ದರೆ ಎಸ್‌ಪಿಗೆ ಬರೆದು ಕಳಿಸಿ. 74ನೇ ಕಲಮಿನ ದೂರು ದಾಖಲಿಸದ ಪೊಲೀಸರಿಗೇ ಶಿಕ್ಷೆ ಇದೆ.

ಬಯಲುಸೀಮೆ ಹುಡುಗರೇ, ತಡದ ಬಗ್ಗೆ ಸುಪ್ರೀಂ ಕೋರ್ಟ್ 1996ರಲ್ಲೇ ಪಂಜಾಬಿನ ಗುರ್ಮಿತ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಇಂಥ ವಿಷಯದಲ್ಲಿ ಹೆಣ್ಣಿನ ಕಡೆಯವರು ಮಾನಕ್ಕೆ ಅಂಜಿ ಹಿಂದೆ ಮುಂದೆ ನೋಡುತ್ತಾರೆ, ಅದಕ್ಕೇ ತಡ ಆಗುತ್ತದೆ, ತಡ ಒಂದನ್ನೇ ಹಿಡಿದು ಕೇಸು ಬೀಳಿಸಬಾರದು ಅಂತ. ಅವಳ ಮಾತು ನಂಬುವಂತಿದ್ದರೆ ಬೇರೆ ಸಾಕ್ಷಿ ಇಲ್ಲದೆಯೂ ಸಾಕು ಅಂತಲೂ ಹೇಳಿದೆ.

ನಿವೃತ್ತ ಮೇಷ್ಟ್ರು:

ವಕೀಲರು ಹೇಳಿದ 2013ರ ಕಾಯ್ದೆ ಸುಮ್ನೆ ಬಂದದ್ದಲ್ಲ. ಅದರ ಬೆಲೆ ಯಾರು ಕೊಟ್ಟರು ಅಂತ ನಮ್ಮ ಹುಡುಗರಿಗೆ ಗೊತ್ತಿರಬೇಕು.

ರಾಜಸ್ಥಾನದ ಭಟೇರಿ ಅಂತ ಒಂದು ಹಳ್ಳಿ. ಅಲ್ಲಿ ಭಂವರಿ ದೇವಿ, ಕುಂಬಾರರ ಹೆಣ್ಣುಮಗಳು. ಸರ್ಕಾರದ ಮಹಿಳಾ ಅಭಿವೃದ್ಧಿ ಕಾರ್ಯಕ್ರಮದಲ್ಲಿ ‘ಸಾಥಿನ್’ ಆಗಿದ್ದರು, ನಮ್ಮ ಊರಿನ ಆಶಾ ಕಾರ್ಯಕರ್ತೆಯರ ಹಾಗೆ ಮನೆ ಮನೆಗೆ ಹೋಗುವ ಕೆಲಸ. 1992ರಲ್ಲಿ ಮೇಲುಜಾತಿಯ ಒಂದು ಮನೆಯಲ್ಲಿ ವರ್ಷ ತುಂಬದ ಕೂಸಿಗೆ ಮದುವೆ ಮಾಡಲು ಹೊರಟಿದ್ದರು. ಅದನ್ನು ತಡೆಯಲು ಹೋದದ್ದೇ ಇವರ ಅಪರಾಧ. ಆ ಸೆಪ್ಟೆಂಬರ್‌ನಲ್ಲಿ ಹೊಲದಲ್ಲಿ ಕೆಲಸ ಮಾಡುತ್ತಿದ್ದಾಗ ಗಂಡನನ್ನು ಹೊಡೆದು ಹಿಡಿದು, ಅವನ ಎದುರಿಗೇ ಇವರ ಮೇಲೆ ಅತ್ಯಾಚಾರ ಮಾಡಿದರು.

ಈ ತಾಯಿ ಸುಮ್ನೆ ಕೂರಲಿಲ್ಲ. ತಡ ಮಾಡದೆ ಪೊಲೀಸರ ಹತ್ತಿರ ಹೋದರು. ಆದರೆ ವೈದ್ಯಕೀಯ ಪರೀಕ್ಷೆಗೆ ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಅಲೆಸಿದರು. ಪರೀಕ್ಷೆ ಆಗುವಷ್ಟರಲ್ಲಿ ಎರಡು ದಿನ ದಾಟಿತ್ತು. ಸಾಕ್ಷಿಗೆ ಬೇಕು ಅಂತ ಉಟ್ಟ ಲಂಗವನ್ನು ಠಾಣೆಯಲ್ಲೇ ಬಿಡಿಸಿಕೊಂಡರು. ಗಂಡನ ತಲೆಯ ರುಮಾಲನ್ನು ಸುತ್ತಿಕೊಂಡು ರಾತ್ರಿಯಲ್ಲಿ ನಡೆದು ಹೋಗಬೇಕಾಯಿತು. 1995ರಲ್ಲಿ ಜೈಪುರದ ಕೋರ್ಟ್ ಆರೋಪಿಗಳನ್ನು ಅತ್ಯಾಚಾರದ ಆರೋಪದಿಂದ ಬಿಡುಗಡೆ ಮಾಡಿತು. ಮೇಲುಜಾತಿಯವರು ಕೆಳಜಾತಿಯ ಹೆಂಗಸನ್ನು ಮುಟ್ಟಿರಲಾರರು, ಗಂಡ ನೋಡುತ್ತಾ ಇದ್ದಿರಲಾರ ಅನ್ನುವ ಥರದ ಮಾತುಗಳು ಆ ತೀರ್ಪಿನಲ್ಲಿದ್ದವು. ಕೂಡಲೇ ಹೇಳಿದವಳನ್ನೂ ನಂಬಲಿಲ್ಲ, ನೋಡಿ.

ಅವರು ಸರ್ಕಾರದ ಕೆಲಸ ಮಾಡುತ್ತಿದ್ದಾಗ ಆದದ್ದು ಇದು, ಹೊಣೆ ಯಾರದು ಅಂತ ಹೆಣ್ಣುಮಕ್ಕಳ ಸಂಘಟನೆಗಳು ಸುಪ್ರೀಂ ಕೋರ್ಟಿಗೆ ಹೋದವು. 1997ರ ಆಗಸ್ಟ್ 13ರಂದು ವಿಶಾಖಾ ತೀರ್ಪು ಬಂತು. ಕೆಲಸದ ಜಾಗದಲ್ಲಿ ದೂರು ಸಮಿತಿ ಅನ್ನುವುದು ಹುಟ್ಟಿದ್ದು ಅಲ್ಲಿ. ಅದು ಕಾಯ್ದೆ ಆಗಲು ಸಂಸತ್ತಿಗೆ ಇನ್ನೂ 16 ವರ್ಷ ಬೇಕಾಯಿತು. ಮಳವಳ್ಳಿಯ ಹುಡುಗಿ ಇವತ್ತು ಕೈಯಲ್ಲಿ ಹಿಡಿಯುವ ಕಾಗದಕ್ಕೆ ಭಟೇರಿಯ ಆ ಹೆಣ್ಣುಮಗಳೇ ದಾರಿ ಮಾಡಿದ್ದು.

ಇನ್ನೊಂದು ಹಳೆಯದು ಇದೆ. 1972, ಮಹಾರಾಷ್ಟ್ರದ ದೇಸಾಯಿಗಂಜ್ ಠಾಣೆ. ಮಥುರಾ ಅನ್ನುವ ಬುಡಕಟ್ಟಿನ ಹುಡುಗಿಯ ಮೇಲೆ ಠಾಣೆಯೊಳಗೇ ಪೊಲೀಸರು ಎರಗಿದರು. ಬೇಲಿಯೇ ಎದ್ದು ಹೊಲ ಮೇಯ್ದಿತು. 1978ರಲ್ಲಿ ಸುಪ್ರೀಂ ಕೋರ್ಟ್, ಮೈ ಮೇಲೆ ಗಾಯ ಇಲ್ಲ, ಕೂಗಿಕೊಂಡಿಲ್ಲ, ಹಾಗಾಗಿ ಒಪ್ಪಿಗೆ ಇತ್ತು ಅಂತ ಪೊಲೀಸರನ್ನು ಬಿಟ್ಟಿತು. ಮರುವರ್ಷ ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ರಘುನಾಥ ಕೇಳ್ಕರ್, ವಸುಧಾ ಧಾಗಂವಾರ್ ಎಂಬ ನಾಲ್ವರು ಕಾನೂನು ಅಧ್ಯಾಪಕರು ಮುಖ್ಯ ನ್ಯಾಯಮೂರ್ತಿಗಳಿಗೆ ಬಹಿರಂಗ ಪತ್ರ ಬರೆದರು. ಹೆದರಿ ಸುಮ್ಮನಾದರೆ ಅದು ಒಪ್ಪಿಗೆ ಹೇಗಾಗುತ್ತದೆ ಅಂತ ಕೇಳಿದರು. ಹೆಂಗಸರು ಬೀದಿಗೆ ಬಂದರು. 1983ರಲ್ಲಿ ಕಾನೂನು ಬದಲಾಯಿತು. ‘ಯಾಕೆ ಕೂಗಲಿಲ್ಲ’ ಅನ್ನುವ ಪ್ರಶ್ನೆಗೆ ಇಷ್ಟು ವಯಸ್ಸಾಗಿದೆ.

ಬಯಲುಸೀಮೆ ಹುಡುಗ:

ಮೇಷ್ಟ್ರೇ, ಭಂವರಿ ದೇವಿಯವರ ವಿಷಯ ನಾನು ಕೇಳಿರಲಿಲ್ಲ. ಇನ್ನೊಂದು ಪ್ರಶ್ನೆ ವಕೀಲರಿಗೆ. ಸುಳ್ಳು ದೂರು ಅಂತಲೂ ಕೇಳುತ್ತೇವಲ್ಲ ಮೇಡಂ, ಅದಕ್ಕೆ ಏನು? ದೂರು ಸಾಬೀತಾಗದಿದ್ದರೆ ಹುಡುಗಿಯ ಮೇಲೇ ಕ್ರಮ ಆಗುತ್ತಾ?

ಕರಿಕೋಟು:

ಒಳ್ಳೆಯ ಪ್ರಶ್ನೆ. ಈ ಹೆದರಿಕೆಯಿಂದಲೇ ಎಷ್ಟೋ ಜನ ಹಿಂದೆ ಸರಿಯುತ್ತಾರೆ. ಬೇಕು ಅಂತಲೇ ಸುಳ್ಳು ಕೊಟ್ಟಿದ್ದಾಳೆ ಅಂತ ಬೇರೆಯಾಗಿ ವಿಚಾರಣೆ ಮಾಡಿ ತೀರ್ಮಾನ ಆದರೆ ಮಾತ್ರ ಕ್ರಮ. ಸಾಕ್ಷಿ ಸಾಲಲಿಲ್ಲ, ಸಾಬೀತು ಮಾಡಲು ಆಗಲಿಲ್ಲ ಅನ್ನುವುದು ಸುಳ್ಳು ಆಗುವುದಿಲ್ಲ ಅಂತ 14ನೇ ಕಲಮಿನಲ್ಲೇ ಬರೆದಿದೆ. ಆರೋಪ ಹೊತ್ತವನಿಗೂ ತನ್ನ ಮಾತು ಹೇಳಲು, ಸಾಕ್ಷಿ ಕೊಡಲು ಅವಕಾಶ ಇದೆ. ವಿಚಾರಣೆ ನಡೆಯುವಾಗ ಇಬ್ಬರ ಹೆಸರನ್ನೂ ಹೊರಗೆ ಬಿಡುವ ಹಾಗಿಲ್ಲ. ನ್ಯಾಯವಾಗಿ ನಡೆಸಲು ಏನು ಬೇಕೋ ಅದೆಲ್ಲ ಇದೆ.

ಇನ್ನು ಹುಡುಗಿ ಹೇಗೆ ನಡೆದುಕೊಳ್ಳಬೇಕಿತ್ತು ಅನ್ನುವ ಲೆಕ್ಕಾಚಾರ ಹಳ್ಳಿಯ ಕಟ್ಟೆಯಲ್ಲಿ ಮಾತ್ರ ಇದೆ ಅಂದುಕೊಳ್ಳಬೇಡಿ. 2020ರ ಜೂನ್‌ನಲ್ಲಿ ನಮ್ಮದೇ ಹೈಕೋರ್ಟಿನ ಒಂದು ಜಾಮೀನು ಆದೇಶದಲ್ಲಿ, ಘಟನೆ ಆದ ಮೇಲೆ ಸುಸ್ತಾಗಿ ನಿದ್ದೆ ಹೋದೆ ಅಂತ ಹೇಳುವುದು ಭಾರತೀಯ ಹೆಣ್ಣಿಗೆ ತಕ್ಕದ್ದಲ್ಲ ಅನ್ನುವ ಅರ್ಥದ ಮಾತು ಇತ್ತು. ದೇಶದ ತುಂಬ ಜನ ‘ಇದೆಂಥ ಮಾತು’ ಅಂತ ಕೇಳಿದರು. ಕೆಲವೇ ದಿನಗಳಲ್ಲಿ ಆ ಸಾಲನ್ನು ಆದೇಶದಿಂದ ತೆಗೆದರು. ಮಧ್ಯಪ್ರದೇಶದಲ್ಲಿ ಕಿರುಕುಳ ಕೊಟ್ಟವನಿಗೆ, ಅದೇ ಹೆಂಗಸಿನ ಹತ್ತಿರ ಹೋಗಿ ರಾಖಿ ಕಟ್ಟಿಸಿಕೊಂಡು ಬಾ ಅಂತ ಷರತ್ತು ಹಾಕಿ ಜಾಮೀನು ಕೊಟ್ಟಿದ್ದರು. 2021ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿ, ರಾಜಿ, ಮದುವೆ ಅಂತೆಲ್ಲ ಜಡ್ಜುಗಳು ಸೂಚಿಸಬಾರದು ಅಂತ ಹೇಳಿತು. ಜನ ಕೇಳಿದ್ದಕ್ಕೆ ಬದಲಾಗಿದೆ. ಕೇಳದೆ ಬಿಟ್ಟಿದ್ದರೆ ಹಾಗೇ ಉಳಿಯುತ್ತಿತ್ತು.

ನೈಟ್ ಡ್ಯೂಟಿ ನರ್ಸ್:

ಅಕ್ಕನ ಹುಡುಗಿಗೆ ಇದು ಬೇಕಾಗಿಲ್ಲ, ದೇವರು ದೊಡ್ಡವನು. ಆದರೆ ಇಲ್ಲಿ ಓದುವವರಿಗೆ ಎಂದಾದರೂ ಬೇಕಾಗಬಹುದು ಅಂತ ಬರೆಯುತ್ತಿದ್ದೇನೆ.

ಅತ್ಯಾಚಾರ ಆದವರು ನೇರ ಆಸ್ಪತ್ರೆಗೆ ಬರಬಹುದು. ಮೊದಲು ಪೊಲೀಸ್ ಕಾಗದ ತನ್ನಿ ಅಂತ ವಾಪಸ್ ಕಳಿಸುವ ಹಾಗಿಲ್ಲ. ಸರ್ಕಾರಿ ಇರಲಿ, ಖಾಸಗಿ ಇರಲಿ, ಚಿಕಿತ್ಸೆ ಬಿಟ್ಟಿ. ಕೊಡದಿದ್ದರೆ ಆಸ್ಪತ್ರೆ ನಡೆಸುವವರಿಗೆ ಶಿಕ್ಷೆ ಇದೆ. ಆದಷ್ಟೂ ಸ್ನಾನ ಮಾಡದೆ, ಬಟ್ಟೆ ಒಗೆಯದೆ ಬನ್ನಿ. ಬಟ್ಟೆ ಬದಲಾಯಿಸಿದ್ದರೆ ಕಾಗದದಲ್ಲಿ ಸುತ್ತಿ ತನ್ನಿ. ಪ್ಲಾಸ್ಟಿಕ್ ಕವರ್‌ನಲ್ಲಿ ತೇವ ನಿಂತು ಕಲೆ ಹಾಳಾಗುತ್ತದೆ. ಸ್ನಾನ ಆಗಿಹೋಗಿದ್ದರೂ ಬನ್ನಿ, ಅದೊಂದು ಕಾರಣಕ್ಕೆ ನಿಲ್ಲಬೇಡಿ. ಎಚ್‌ಐವಿ ತಡೆಯುವ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು, ಅದೂ, ಗರ್ಭ ನಿಲ್ಲದ ಹಾಗೆ ಕೊಡುವ ಮಾತ್ರೆಯೂ ಬೇಗ ಆದಷ್ಟೂ ಒಳ್ಳೆಯದು.

ಇನ್ನೊಂದು ಮಾತು. ಎರಡು ಬೆರಳಿನ ಪರೀಕ್ಷೆ ಅಂತ ಒಂದು ಕೆಟ್ಟ ಪದ್ಧತಿ ಇತ್ತು. ಹೆಣ್ಣಿಗೆ ಮೊದಲೇ ‘ಅಭ್ಯಾಸ’ ಇತ್ತಾ ಅಂತ ಡಾಕ್ಟರ್ ಬರೆಯುತ್ತಿದ್ದರು. ಅವಳಿಗೆ ಏನಾಯಿತು ಅನ್ನುವುದಕ್ಕೂ ಅದಕ್ಕೂ ಏನೂ ಸಂಬಂಧ ಇಲ್ಲ. 2022ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್, ಇನ್ನು ಮೇಲೆ ಇದನ್ನು ಮಾಡಿದವರು ದುರ್ನಡತೆಯ ತಪ್ಪಿತಸ್ಥರು ಅಂತ ಹೇಳಿದೆ. ಯಾರಾದರೂ ಮಾಡಲು ಬಂದರೆ ಬೇಡ ಅನ್ನಿ. ಜೊತೆಗೆ ಬಂದವರು ಗಟ್ಟಿಯಾಗಿ ಹೇಳಿ.

ಜೊತೆಗೆ ಬರುವವರಿಗೂ ಒಂದು ಕೋರಿಕೆ. ವಾರ್ಡಿನಲ್ಲಿ ಅವಳ ಹಾಸಿಗೆ ಪಕ್ಕ ನಿಂತು ‘ಆ ಹೊತ್ತಲ್ಲಿ ಅಲ್ಲಿಗೆ ಯಾಕೆ ಹೋಗಿದ್ದೆ’ ಅಂತ ಶುರು ಮಾಡಬೇಡಿ. ನಾನು ಪರದೆ ಎಳೆದು ಎಷ್ಟು ಜನ ಚಿಕ್ಕಪ್ಪ ದೊಡ್ಡಪ್ಪಂದಿರನ್ನು ಹೊರಗೆ ಕಳಿಸಿದ್ದೇನೋ. ಬಿಸಿ ಹಾಲು ಕೊಡಿಸಿ, ಸುಮ್ನೆ ಕೂತುಕೊಳ್ಳಿ, ಸಾಕು.

ಧಾರವಾಡದಾಕೆ:

ಎಲ್ಲರೂ ಹೊರಗಿನವರ ಬಗ್ಗೆನೇ ಮಾತಾಡುತ್ತಿದ್ದೀರಿ. ಮನೆಯೊಳಗಿನದು ಯಾರು ಕೇಳಬೇಕ್ರೀ? ಪೊಲೀಸರ ರಾಷ್ಟ್ರೀಯ ಲೆಕ್ಕದಲ್ಲಿ ವರ್ಷ ವರ್ಷವೂ ಅತ್ಯಾಚಾರದ ನೂರು ಕೇಸಿನಲ್ಲಿ 90ಕ್ಕೂ ಜಾಸ್ತಿ ಗುರುತಿದ್ದವರದ್ದೇ. ಬಂಧು, ನೆರೆಮನೆಯವನು, ಪರಿಚಯದವನು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ನಮ್ಮ ಕರ್ನಾಟಕದಲ್ಲಿ ಮದುವೆಯಾದ ನೂರು ಹೆಂಗಸರಲ್ಲಿ 44 ಮಂದಿ ಗಂಡನಿಂದ ಹಿಂಸೆ ಉಂಡವರು. ಇಡೀ ದೇಶಕ್ಕೆ ನಾವೇ ಮುಂದೆ. ಹಿಂದಿನ ಸಮೀಕ್ಷೆಯಲ್ಲಿ ಇದು 21ರ ಹತ್ತಿರ ಇತ್ತು. ಹೆಂಡತಿಗೆ ಹೊಡೆಯಲು ಕಾರಣ ಇರಬಹುದು ಅಂತ ಒಪ್ಪಿದವರು ನಮ್ಮಲ್ಲಿ ಗಂಡಸರು ನೂರಕ್ಕೆ 82, ಹೆಂಗಸರು 77. ನನಗೆ ಎದೆ ಒಡೆದದ್ದು ಆ 77 ನೋಡಿ. ನಮ್ಮ ಅವ್ವಂದಿರು, ಅತ್ತೆಯಂದಿರು ನಮಗೆ ಕಲಿಸಿದ್ದೇ ಅದು, ತಾಳಿದವಳು ಬಾಳಿದಾಳು ಅಂತ.

ಇನ್ನು ಹಾಸಿಗೆಯ ವಿಷಯ. ಬ್ಯಾಡ ಅಂದರೂ ಕೇಳದ ಗಂಡನ ಮೇಲೆ ಅತ್ಯಾಚಾರದ ಕೇಸು ಹಾಕಲು ಇವತ್ತಿಗೂ ಕಾನೂನಿಲ್ಲ. 1860ರಲ್ಲಿ ಬ್ರಿಟಿಷರು ಬರೆದ ವಿನಾಯಿತಿ 2024ರ ಹೊಸ ಸಂಹಿತೆಗೂ ಹಾಗೇ ಬಂತು. 2017ರಲ್ಲಿ ಸುಪ್ರೀಂ ಕೋರ್ಟ್ 18 ತುಂಬದ ಹೆಂಡತಿಗೆ ಮಾತ್ರ ರಕ್ಷಣೆ ಕೊಟ್ಟಿತು. 2022ರ ಮಾರ್ಚ್‌ನಲ್ಲಿ ನಮ್ಮ ಹೈಕೋರ್ಟ್ ಒಬ್ಬ ಗಂಡನ ಮೇಲಿನ ಅತ್ಯಾಚಾರದ ಆರೋಪ ಕೈಬಿಡಲು ಒಪ್ಪಲಿಲ್ಲ, ಮಾಡಿದವನು ಗಂಡನಾದರೂ ಅತ್ಯಾಚಾರ ಅತ್ಯಾಚಾರವೇ ಅಂದಿತು. ಅದಕ್ಕೆ ಸುಪ್ರೀಂ ಕೋರ್ಟಿನಿಂದ ತಡೆ ಬಂತು. 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಈ ವಿನಾಯಿತಿ ಇರಲಿ ಅಂತಲೇ ಕೋರ್ಟಿಗೆ ಬರೆದುಕೊಟ್ಟಿತು.

‘ಆಗಲೇ ಯಾಕೆ ಹೇಳಲಿಲ್ಲ’ ಅಂತ ಕೇಳುವವರೇ, ಇಂಥ ಹೆಣ್ಣುಮಗಳು ಯಾರಿಗೆ ಹೇಳಬೇಕು?

ಕರಿಕೋಟು:

ನಿಮ್ಮ ಸಿಟ್ಟು ಸರಿಯಾಗಿದೆ ಅಕ್ಕ. ಈ ಕಾನೂನು ಬದಲಾಗಲೇಬೇಕು ಅಂತ ನಾನೂ ಹೇಳುತ್ತೇನೆ. ಅಲ್ಲಿಯವರೆಗೆ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಲ್ಲಿ ಲೈಂಗಿಕ ಹಿಂಸೆಯೂ ಸೇರಿದೆ. ಜೈಲು ಆಗದಿರಬಹುದು, ಆದರೆ ರಕ್ಷಣೆಯ ಆದೇಶ, ಮನೆಯಲ್ಲಿ ಇರುವ ಹಕ್ಕು, ಜೀವನಾಂಶ ಸಿಗುತ್ತದೆ. ನಮ್ಮ ತಾಲೂಕುಗಳಲ್ಲಿ ಸಿಡಿಪಿಓ, ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಅವರೇ ಇದಕ್ಕೆ ಸಂರಕ್ಷಣಾಧಿಕಾರಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಕಾನೂನು ಸೇವಾ ಸಮಿತಿಯಿಂದ ವಕೀಲರು ಬಿಟ್ಟಿ ಸಿಗುತ್ತಾರೆ. ಸಹಾಯವಾಣಿ 181, ತುರ್ತಿಗೆ 112.

ಹೊಲಿಗೆ ಲೈನ್:

ಮಳವಳ್ಳಿ ಅಕ್ಕ, ಏನಾಯಿತು? ಹುಡುಗಿ ಹೇಗಿದ್ದಾಳೆ?

ಮಳವಳ್ಳಿ ಅಕ್ಕ:

ದೂರು ಕೊಟ್ಟೆವು. ಅವಳೇ ಕೂತು ಬರೆದಳು, ನಾನು ಆರು ಜೆರಾಕ್ಸ್ ಮಾಡಿಸಿದೆ. ಫ್ಯಾಕ್ಟರಿಯ ನೋಟಿಸ್ ಬೋರ್ಡಿನಲ್ಲಿ ಸಮಿತಿಯ ಪಟ್ಟಿ ಇತ್ತು, ಆದರೆ ಅದರಲ್ಲಿದ್ದ ಇಬ್ಬರು ಕೆಲಸ ಬಿಟ್ಟು ಹೋಗಿ ಬಹಳ ದಿನ ಆಗಿದೆಯಂತೆ. ಹೊಸ ಪಟ್ಟಿ ಕೊಡಿ, ಹೊರಗಿನ ಸದಸ್ಯರು ಯಾರು ಅಂತ ಹೇಳಿ ಅಂತ ಬರವಣಿಗೆಯಲ್ಲೇ ಕೇಳಿದ್ದೇವೆ. ಸ್ವೀಕರಿಸಿದ್ದಕ್ಕೆ ಸೀಲು ಸಹಿ ಹಾಕಿಸಿಕೊಂಡೆವು. ಅವನನ್ನು ಸದ್ಯಕ್ಕೆ ಬೇರೆ ಫ್ಲೋರಿಗೆ ಹಾಕಿದ್ದಾರೆ. ಅದೇ ಲೈನಿನ ಚೆಕ್ಕರ್ ಹುಡುಗಿ ಒಬ್ಬಳು, ನನಗೂ ಹೀಗೇ ಮಾಡಿದ್ದ, ನಾನೂ ಹೇಳುತ್ತೇನೆ ಅಂದಿದ್ದಾಳೆ.

ತಂಗಿಯ ಗಂಡನ ಹತ್ತಿರವೂ ಮಾತಾಡಿದೆ. ‘ನೀನು ಕೇಳಬೇಕಾದದ್ದು ಅವನನ್ನು, ಮಗಳನ್ನಲ್ಲ’ ಅಂದೆ. ಉತ್ತರ ಕೊಡಲಿಲ್ಲ. ಆದರೆ ಸ್ಟೇಷನ್ನಿಗೆ ಹೋದಾಗ ಜೊತೆಗೆ ಬಂದರು.

ಬಯಲುಸೀಮೆ ಹುಡುಗ:

ಹುಡುಗಿಗೆ ನನ್ನ ನಮಸ್ಕಾರ ಹೇಳಿ ಅಕ್ಕ. ವಕೀಲ ಮೇಡಂ, ನಾನು ಕೆಲಸ ಮಾಡುವುದು ಒಂದು ಸಣ್ಣ ಲಾಜಿಸ್ಟಿಕ್ಸ್ ಆಫೀಸು. ಡ್ರೈವರ್‌ಗಳು, ಡೇಟಾ ಎಂಟ್ರಿ ಹೆಣ್ಣುಮಕ್ಕಳು ಎಲ್ಲ ಸೇರಿ 14 ಜನ ಇದ್ದೇವೆ. ಇಂಥ ಸಮಿತಿ ನಾನು ನೋಡೇ ಇಲ್ಲ. ಗಂಡಸಾದ ನಾನು ಇದನ್ನು ಕೇಳಬಹುದಾ?

ಕರಿಕೋಟು:

ಖಂಡಿತ ಕೇಳಬಹುದು, ಕೇಳಿ. 14 ಜನ ಅಂದರೆ ಸಮಿತಿ ಕಡ್ಡಾಯ. ಮಾಡದ ಮಾಲೀಕರಿಗೆ 50,000 ರೂಪಾಯಿವರೆಗೆ ದಂಡ, ಮತ್ತೆ ತಪ್ಪಿದರೆ ಎರಡರಷ್ಟು. ಬಾಯಿಮಾತಿನಲ್ಲಿ ಬೇಡ, ಇಮೇಲ್ ಹಾಕಿ. ‘ಸಮಿತಿಯ ಸದಸ್ಯರ ಹೆಸರನ್ನು ಎಲ್ಲರಿಗೂ ಕಾಣುವ ಕಡೆ ಹಾಕಿ’ ಅಂತ ಎರಡು ಸಾಲು ಸಾಕು. ಹತ್ತಕ್ಕಿಂತ ಕಡಿಮೆ ಜನ ಇರುವ ಕಡೆ, ಮನೆಗೆಲಸದವರಿಗೆ, ಇಲ್ಲವೇ ಮಾಲೀಕನ ಮೇಲೇ ದೂರು ಇದ್ದಾಗ ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು. ಅದರ ವಿಳಾಸ ಜಿಲ್ಲಾಧಿಕಾರಿ ಕಚೇರಿಯಲ್ಲಿ ಸಿಗುತ್ತದೆ. ಇಮೇಲ್ ಹಾಕಿದ ಮೇಲೆ ಏನು ಉತ್ತರ ಬಂತು ಅಂತ ಇಲ್ಲೇ ಬರೆಯಿರಿ, ಮುಂದಿನದು ಹೇಳುತ್ತೇನೆ.